ಮೈದುನ ಏಳುವ ಮುಂಚಿನ ಪಾಠ

ಕರೋಶಿ ಊರಿನಲ್ಲಿ ಇನ್ನೂ ನಸುಕು. ಕಾಶಿಬಾಯಿ, ಮೈದುನ ಸಂಗ್ರಾಮ ಚಾರ್ಜಿಗೆ ಹಾಕಿದ್ದ ಮೊಬೈಲನ್ನು ಮೆಲ್ಲಗೆ ಕಿತ್ತು, ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಬರುತ್ತಾರೆ. ಲಾಕ್ ತೆಗೆಯುವ ಗೆರೆಯನ್ನು ಅವನು ಎಳೆಯುವಾಗಲೇ ನೋಡಿಟ್ಟುಕೊಂಡಿದ್ದಾರೆ. ಹಿತ್ತಲಲ್ಲಿ ಸೈಕಲ್ ಒರಗಿಸಿ ಕಾಯುತ್ತಿರುವವರು ಸುಂದರಾ, ಹೆಣ್ಣುಮಕ್ಕಳಿಗೆ ಇಂಟರ್ನೆಟ್ ಕಲಿಸುವವರು. "ಕದ್ದ ಮಾಲ ಬಂತೇನ್ರಿ ಅಕ್ಕಾ?" ಎಂದು ನಗುತ್ತಾರೆ.

ಇದು 2018. ಈ ಊರುಗಳಿಗೆ ನೆಟ್ ಬಂದಿದೆ ನಿಜ, ಆದರೆ ಬಂದು ಕುಳಿತಿರುವುದು ಗಂಡಸರ ಜೇಬಿನಲ್ಲಿ. ಉಳ್ಳವರ ಮನೆಯಲ್ಲೂ ಅದೇ ಹಾಡು. "ಮನ್ಯಾಗ ನಾಕ ಫೋನ ಅದಾವ್ರಿ, ನಂದಂತ ಒಂದೂ ಇಲ್ಲ," ಎನ್ನುತ್ತಾರೆ ಬೇಡಕಿಹಾಳದ ವ್ಯಾಪಾರಸ್ಥರ ಮನೆಯ ತಾರಾಬಾಯಿ.

ಹೊಲಗೂಲಿ ಮಾಡುತ್ತಲೇ ಹತ್ತನೆಯ ಇಯತ್ತೆ ಮುಗಿಸಿದ ಸುಂದರಾ ಅವರಿಗೆ ಒಂದು ಸಂಸ್ಥೆ ನೆಟ್ ಕಲಿಸುವ ತರಬೇತಿ ಕೊಟ್ಟಿತು. ಬೆಳಕು ಹರಿದರೆ ಅವರೂ ಕಬ್ಬಿನ ಕಳೆ ಕೀಳಲು ಹೋಗಬೇಕು. "ಹೆಂಗಸರ್ನ ಕೆಡಸಾಕ ಬಂದಾಳ," ಎಂದು ಕಟ್ಟೆ ಮೇಲಿನವರು ಆಡಿಕೊಂಡರೂ ಅವರ ಸೈಕಲ್ ನಿಲ್ಲಲಿಲ್ಲ.

ಕಾಶಿಬಾಯಿಗೆ ಬೇಕಿದ್ದುದು ಒಂದೇ. ಗಂಡ ವಿಠೋಬಾ ಕಾಗವಾಡದ ದ್ರಾಕ್ಷಿ ತೋಟದಲ್ಲಿ ದುಡಿಯುತ್ತಾರೆ, ಮನೆಗೆ ಬರುವುದು ಹಬ್ಬಕ್ಕಷ್ಟೇ. ಅವರೊಂದಿಗೆ ಮಾತಾಡಬೇಕೆಂದರೆ ಮೈದುನನ ಮರ್ಜಿ ಕಾಯಬೇಕು. ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ, ಬಾಯಲ್ಲಿ ಹೇಳಿದರೆ ಫೋನೇ ಕರೆ ಹಚ್ಚುತ್ತದೆ ಎಂದು ಸುಂದರಾ ತೋರಿಸಿಕೊಟ್ಟರು. ಆದರೆ ಗಂಡನ ಹೆಸರು ಹೇಳುವುದುಂಟೇ? "ಶುಭಮನ ಅಪ್ಪಗ ಹಚ್ಚಪಾ," ಎಂದರು ಕಾಶಿಬಾಯಿ, ಮಗನ ಹೆಸರು ಹಿಡಿದು. ಅಂಥವರು ಯಾರೂ ಇಲ್ಲ ಎಂದಿತು ಫೋನು. ಪಾಪ, ಅವರ ಮೋರೆ ಬಾಡಿಹೋಯಿತು.

"ಹೆಸರ ಹೇಳಬ್ಯಾಡ್ರಿ ಬಿಡ್ರಿ. ಫೋನಿಗೇ ನಮ್ಮ ರೀತಿ ಕಲಸೂಣು," ಎಂದ ಸುಂದರಾ, ವಿಠೋಬಾ ಅವರ ನಂಬರನ್ನು 'ಶುಭಮನ ಅಪ್ಪ' ಎಂದು ಇನ್ನೊಮ್ಮೆ ಸೇರಿಸಿದರು.

ಈ ಸಲ ಕರೆ ಹೋಯಿತು.

"ಏನಲೇ ಸಂಗ್ರಾಮ, ಇಷ್ಟ ಲಗೂನ ಎದ್ದಿ?"

"ನಾನ್ರಿ..."

ಆ ಕಡೆ ವಿಠೋಬಾಗೆ ಗಾಬರಿ. "ಯಾರಿಗೇನಾತ?"

"ಯಾರಿಗೂ ಏನಾಗಿಲ್ರಿ. ಚಾ ಕುಡದ್ರಿ?"

ಅಷ್ಟು ಕೇಳಿ ಕಾಶಿಬಾಯಿ ಅತ್ತೇಬಿಟ್ಟರು. ಸುಂದರಾ ಅವರ ಕಣ್ಣೂ ತುಂಬಿ ಬಂತು. ಹೀಗೆ ಮಕ್ಕಳ ಹೆಸರು ಹಿಡಿದು ಸೇರಿಸಿದ ಅಪ್ಪಂದಿರು ಈಗ ಸುತ್ತಲಿನ ಎಷ್ಟೋ ಫೋನುಗಳಲ್ಲಿದ್ದಾರೆ.

ಒಳಗೆ ಮೈದುನ ಕೆಮ್ಮಿದ ಸದ್ದು. ಕಾಶಿಬಾಯಿ ಫೋನನ್ನು ಸೆರಗಿಗೆ ಸೇರಿಸಿ ಹಿತ್ತಲ ಬಾಗಿಲಿಂದ ಒಳಗೆ ಓಡುತ್ತಾರೆ. ನಿಮ್ಮ ಆಸೆ ಏನೆಂದು ಕೇಳಿದರೆ ಸುಂದರಾ ಆ ಬಾಗಿಲನ್ನೇ ನೋಡುತ್ತಾ ಹೇಳುತ್ತಾರೆ: "ಮಟಮಟ ಮಧ್ಯಾಹ್ನ, ಇಕಿ ಅಂಗಳದಾಗ ಕುಂತ ಗಂಡನ ಜೋಡಿ ಫೋನಿನ್ಯಾಗ ನಗಬೇಕ್ರಿ. ಯಾರ ಜೋಡಿ ಅಂತ ಯಾರೂ ಕೇಳಬಾರದು."