ಖಾಲಿ ಬಾಟಲಿ, ಗಾಜಿನ ಮೀನು, ಡೇರಿ ಎಲೆಕ್ಷನ್

ಕಳೆದ ಭಾನುವಾರ ನಮ್ಮೂರ ಅರಳಿಕಟ್ಟೆಯ ಮುಂದೆ ನನ್ನ ಮೂಟೆ ಬಾಯಿಬಿಟ್ಟಿತು. ಆಟೋದಿಂದ ಇಳಿಸುವಾಗ ಹೊಲಿಗೆ ಕಿತ್ತು, ಖಾಲಿ ಬಾಟಲಿಗಳು ರಸ್ತೆ ತುಂಬ ಉರುಳಾಡಿದವು. ರಮ್ಮು, ವಿಸ್ಕಿ, ಬಿಯರು. ಒಂದಕ್ಕೂ ನಾಚಿಕೆಯಿಲ್ಲ.

ಗುರುವಾರ ಡೇರಿ ಎಲೆಕ್ಷನ್. ನಿಂತಿದ್ದವರು ನನ್ನ ಯಜಮಾನರು, ಚಲುವೇಗೌಡರು. (ಕೆಮ್ಮಿನ ಸಿರಪ್ಪನ್ನೂ ಲೇಬಲ್ ಓದಿಯೇ ಕುಡಿಯುವ ಜೀವ.) "ಕುಡಿಯಲ್ಲ, ಕುಡಿಸಲ್ಲ" ಎನ್ನುವುದೊಂದೇ ಅವರ ಪ್ರಚಾರ. ಅದೇ ಪ್ರಚಾರದಲ್ಲಿ ಎರಡು ಸಲ ಸೋತಿದ್ದಾರೆ.

ಬಾಟಲಿ ನನ್ನದು. ತಪ್ಪು ತಿಳಿಯಬೇಡಿ! ನನಗೆ ಗಾಜು ಕರಗಿಸುವ ಹುಚ್ಚು. ಹಿತ್ತಲ ಶೆಡ್ಡಿನಲ್ಲಿ ಪುಟ್ಟ ಕರೆಂಟ್ ಕುಲುಮೆ ಇದೆ. ಬಾಟಲಿ ಒಡೆದು, ಚೂರು ಜೋಡಿಸಿ, ಎಂಟುನೂರು ಡಿಗ್ರಿಯಲ್ಲಿ ಕಾಯಿಸಿದರೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೆ.ಆರ್. ಪೇಟೆಯ ಗುಜರಿಯಲ್ಲಿ ಮೀನಿನ ಆಕಾರದ ಹಳೇ ಪಿಂಗಾಣಿ ತಟ್ಟೆ ಸಿಕ್ಕಿತು ನೋಡಿ, ಅಂದಿನಿಂದ ಅದನ್ನೇ ಅಚ್ಚು ಮಾಡಿಕೊಂಡು ಬರೀ ಮೀನು ಮಾಡುತ್ತಿದ್ದೇನೆ. ಹಸಿರು ಗಾಜಿಗೆ ಪಾಂಡವಪುರದ ಗುಜರಿ, ಕಂದು ಬೇಕಾದರೆ ನಾಗಮಂಗಲ. ಇಷ್ಟು ಚೆಂದದ ಬಣ್ಣ ಹೆಂಡದ ಕಂಪನಿಯವರಲ್ಲದೆ ಇನ್ಯಾರು ಕೊಡುತ್ತಾರೆ?

ಕಟ್ಟೆಯ ಮೇಲೆ ಕೂತಿದ್ದ ಸಿದ್ದೇಗೌಡ ಎದ್ದು ನಿಂತ. "ನೋಡ್ರಲಾ, ಚಲುವೇಗೌಡನೂ ಕುಡ್ಸಕ್ಕೆ ಶುರು ಹಚ್ಕಬುಟ್ಟ!"

"ಖಾಲಿ ಕಣಪ್ಪ ಅವು," ಎಂದೆ.

"ಖಾಲೀನೇ ಇಷ್ಟವೆ ಅಂದ್ರೆ, ತುಂಬಿರವು ಎಷ್ಟ್ ಮಡಗಿರ್ಬ್ಯಾಡ!"

ಮನೆಗೆ ಓಡಿ, ಹಸಿರು ಗಾಜಿನ ಮೀನೊಂದನ್ನು ತಂದು ತೋರಿಸಿದೆ. ಇದಕ್ಕಪ್ಪಾ ಬಾಟಲಿ, ಇದನ್ನು ಮಾಡೋದಕ್ಕೆ! ಸಿದ್ದೇಗೌಡನ ಮುಖ ಇನ್ನೂ ಅರಳಿತು.

"ಜೊತೆಗೆ ಮೀನೂ ಕೊಡ್ತಾವ್ರೆ ಕಣ್ರಲಾ!"

ಯಜಮಾನರು ಅವತ್ತು ಊಟ ಬಿಟ್ಟರು. "ಮೂವತ್ತು ವರ್ಸದ ಮಾನಾನ ಬೀದಿಗೆ ಸುರುದ್ಬುಟ್ಟಲ್ಲೇ!" ಪಾಪ, ಅವರ ಹತ್ತಿರ ಇದ್ದದ್ದೇ ಆ ಒಂದು ಒಳ್ಳೆಯ ಹೆಸರು.

ಮಾರನೆಯ ದಿನದಿಂದ ಮನೆಮನೆಗೆ ಹೋಗಿ ಆಣೆ ಮಾಡಿದರು. "ನಮ್ಮನೇಲಿ ಒಂದ್ ತೊಟ್ಟೂ ಇಲ್ಲ ಕಣ್ರಪ್ಪ." ಜನ ಕಣ್ಣು ಹೊಡೆದರು. "ಗೊತ್ತು ಬುಡಿ ಗೌಡ್ರೇ, ಎಲೆಕ್ಷನ್ ಮುಗಿಯೋಗಂಟ ಇಂಗೇ ಹೇಳ್ತಿರಿ."

ಗುರುವಾರ ಗೆದ್ದರು. ಅದೂ ಭಾರೀ ಅಂತರದಲ್ಲಿ! ಕೊರಳ ಹಾರವನ್ನೂ ತೆಗೆಯದೆ ಒಳಗೆ ಬಂದು, "ನೋಡ್ದಾ? ಸತ್ಯಕ್ಕೆ ಸಾವಿಲ್ಲ ಕಣೇ," ಎಂದು ಕಣ್ಣೊರೆಸಿಕೊಂಡರು. ನಾನೂ ಅತ್ತೆ. ಖುಷಿಗೇ.

ಶುಕ್ರವಾರ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಸಿದ್ದೇಗೌಡ. ಹಿಂದೆ ಆರೇಳು ಜನ. ಎಲ್ಲರ ಕೈಯಲ್ಲೂ ಚೀಲ.

"ಗೆಲ್ಸಿದ್ದೀವಿ ಕಣವ್ವ. ಇನ್ನ ತಗಿ ಈಚೆಗೆ."

ಇದ್ದದ್ದನ್ನೇ ಕೊಟ್ಟೆ. ತಲೆಗೊಂದು ಗಾಜಿನ ಮೀನು. ಸಿದ್ದೇಗೌಡ ತನ್ನದನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದ.

"ಇದ್ಯಾವ ಬ್ರ್ಯಾಂಡು ಕಣವ್ವ?"

ಒಳಗೆ ಯಜಮಾನರು ಫೋನಿನಲ್ಲಿ ಭಾವಮೈದುನನಿಗೆ ಹೇಳುತ್ತಿದ್ದರು: "ಜನ ಬದಲಾಗವ್ರೆ ಕಣ್ಲಾ."

ಕುಡಿಸುವುದಿಲ್ಲವೆಂದೇ ಗೆದ್ದೆ ಅಂತ ನಂಬಿರುವ ಈ ಮನುಷ್ಯನಿಗೆ, ಕುಡಿಸುತ್ತಾನೆಂದೇ ಗೆಲ್ಲಿಸಿದರು ಅಂತ ಯಾವ ಬಾಯಲ್ಲಿ ಹೇಳಲಿ?