ಕೊಡಮಡುವಿಗೆ ಗಳ ಹಾಕುವ ಮೂರು ದಿನ

ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಇದ್ದವರು ಮೂವರು. ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ, ಎರಡನೆಯ ಸಲ ಚಹಾ ಕೇಳಲು ಧೈರ್ಯ ಸಾಲದೆ ನಿಂತಿದ್ದ ನಾನು, ಮತ್ತು ಬಾಗಿಲ ಹಿಂದೆ ಗೋಡೆಗೆ ಒರಗಿದ್ದ ಒಂದು ಬಿದಿರಿನ ಗಳ. ಗಳವನ್ನು ಮನುಷ್ಯರ ಜೊತೆ ಎಣಿಸಿದ್ದಕ್ಕೆ ನಗಬೇಡಿ. ನಮ್ಮ ಮನೆಯಲ್ಲಿ ನನ್ನ ಮಾತಿಗಿಂತ ಅದರ ಸದ್ದೇ ಹೆಚ್ಚು. ಯಾರಾದರೂ ಬಾಗಿಲನ್ನು ಸ್ವಲ್ಪ ಜೋರಾಗಿ ತೆಗೆದರೆ ಸಾಕು, ಅದು ಮೊದಲು ನನ್ನ ಭುಜಕ್ಕೆ, ಆಮೇಲೆ ಹಿಟ್ಟಿನ ಡಬ್ಬಿಗೆ ಬಡಿದು, ಕೊನೆಗೆ ನೆಲಕ್ಕೆ ಬಿದ್ದು ಇಡೀ ಓಣಿಗೆ ಕೇಳುವಂತೆ ಒದರುತ್ತದೆ. ಇವತ್ತೂ ಬಿತ್ತು.

“ಒಂದಿನ ಇದನ್ನ ಒಲಿಗೆ ಹಾಕ್ತೀನ್ರಿ,” ಎಂದಳು ಹೆಂಡತಿ, ಕೈಯಲ್ಲಿನ ರೊಟ್ಟಿ ಬಿಡದೆ.

“ಗ್ಯಾಸಿನ ಒಲಿಗೆ ಗಳ ಹೆಂಗ ಹಾಕ್ತಿ?”

“ನಿಮ್ಮ ಚಿಗವ್ವಗ ಫೋನ್ ಹಚ್ಚಿ ಕೇಳ್ತೀನಿ. ಮೂರು ದಿನ ವಿಚಾರ ಮಾಡಿ ಹೇಳ್ತಾಳ.”

ಗಳವನ್ನು ಎತ್ತಿ ಮತ್ತೆ ಒರಗಿಸುವಾಗ ಅದರ ತುದಿಯಿಂದ ಒಣಗಿದ ಕೆಸರಿನ ವಾಸನೆ ಬಂತು. ವರ್ಷವಾಗುತ್ತ ಬಂದರೂ ಆ ವಾಸನೆ ಹೋಗಿಲ್ಲ. ಅದು ಮೂಗಿಗೆ ಬಡಿದರೆ ನನಗೆ ಮೊದಲು ಬರುವುದು ಸಿಟ್ಟು. ನೆನಪು ಅದರ ಹಿಂದೆ ಕಾಲೆಳೆದುಕೊಂಡು ಬರುತ್ತದೆ.

ಚಿಗವ್ವ ಎಂದರೆ ನಮ್ಮವ್ವನ ತಂಗಿ. ಈಗ ಕುಷ್ಟಗಿಯಲ್ಲಿ ಮಗಳ ಮನೆಯಲ್ಲಿದ್ದು ಆ ಓಣಿಯನ್ನೆಲ್ಲ ಆಳುತ್ತಾಳೆ. ಆಗ ನಮ್ಮ ಹಳ್ಳಿಯಲ್ಲೇ ಇದ್ದಳು. ಹಳ್ಳಿಯಿಂದ ಜೋಳದ ಹೊಲಗಳನ್ನು ದಾಟಿ, ಹಳ್ಳ ಹಿಡಿದು ಗುಡ್ಡದೊಳಗೆ ಒಂದು ತಾಸು ನಡೆದರೆ ಒಂದು ಕೊಳ್ಳ ಸಿಗುತ್ತದೆ. ಎರಡೂ ಕಡೆ ಬಂಡೆಯ ಗೋಡೆ, ನಡುವೆ ನೀರು. ಒಳಗೆ ಹೋದಂತೆ ಗೋಡೆಗಳು ಒಂದಕ್ಕೊಂದು ಹತ್ತಿರ ಬಂದು, ಕೊನೆಗೆ ಬಂಡೆಯಲ್ಲಿ ಕೊಡ ಹುಗಿದಿಟ್ಟ ಹಾಗೆ ಒಂದು ಮಡು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಅದಕ್ಕೇ ಅದು ಕೊಡಮಡು. ಬಲಗಡೆಗೆ ನೀರಿನ ಮೇಲೆ ಮೂಗು ಚಾಚಿದಂತೆ ಅಜ್ಜನ ಕಲ್ಲು. ನಾವು ಹಾರುತ್ತಿದ್ದದ್ದು ಅಲ್ಲಿಂದ. ಸ್ವಲ್ಪ ಕೆಳಗೆ ಹಾಸುಗಲ್ಲೊಂದಿತ್ತು. ಅದರ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆವಾದ್ದರಿಂದ ಅದಕ್ಕೆ ರೊಟ್ಟಿಗಲ್ಲು ಎಂದು ಹೆಸರು. ಅದರ ಮೇಲೆ ಹುಲಿ-ಕುರಿ ಆಟದ ಗೆರೆ ಕೆತ್ತಿದವನು ನಾನೇ. ಒಂದು ಗೆರೆ ಸೊಟ್ಟಗಾಗಿ, ಹುಲಿ ಯಾವಾಗಲೂ ಸೋಲುತ್ತಿತ್ತು.

ನಮ್ಮೂರಿನ ಅರ್ಧ ಮಂದಿಗೆ ಈಜು ಕಲಿಸಿದವಳು ಚಿಗವ್ವ. ಬೆನ್ನಿಗೆ ಬೆಂಡು ಕಟ್ಟಿ, ಹುಡುಗ ಹುಡುಗಿ ಎನ್ನದೆ ನೀರಿಗೆ ನೂಕಿ, ತಾನು ಸೀರೆಯನ್ನು ಕಚ್ಚೆ ಹಾಕಿಕೊಂಡು ಹಿಂದಿನಿಂದ ಬೈಯುತ್ತ ಈಜುತ್ತಿದ್ದಳು. ಈಜಿಗಿಂತ ಮೊದಲು ನಾವು ಕಲಿತದ್ದು ಬೈಗುಳ. ಆದರೆ ಅವಳಿಗೆ ಒಂದು ಕೆಟ್ಟ ಚಾಳಿ ಇತ್ತು. ಹಳ್ಳಕ್ಕೆ ಹೊಸ ನೀರು ಬಂದು ಹೋದ ಮೇಲೆ, ಅವಳು ಗಳ ಹಾಕಿ ಆಳ ನೋಡುವವರೆಗೆ ಯಾರೂ ಮಡುವಿಗೆ ಇಳಿಯುವಂತಿಲ್ಲ. ಗಡಿಗೆ ಕೊಳ್ಳುವಾಗ ಹತ್ತು ಸಲ ಬೆರಳಲ್ಲಿ ಬಡಿದು ನೋಡುವವಳು, ಬಸ್ಸು ಹತ್ತುವ ಮೊದಲು ಗಾಲಿಗೆ ಒದ್ದು ನೋಡುವವಳು, ಇನ್ನು ಮಡುವನ್ನು ಬಿಡುತ್ತಾಳೆಯೇ? ಗಳದ ತುದಿಗೆ ಕಬ್ಬಿಣದ ಬಳೆ ಹಾಕಿಸಿದ್ದಳು. ಅದರ ಮೇಲೆ ಮೂರು ಕಡೆ ಕೆಂಪು ದಾರ: ಮೊಣಕಾಲಿಗೆ ಒಂದು, ಸೊಂಟಕ್ಕೆ ಒಂದು, ಕುತ್ತಿಗೆಗೆ ಒಂದು. ಅಜ್ಜನ ಕಲ್ಲಿನ ಕೆಳಗೆ ಮೂರೂ ದಾರ ಮುಳುಗಿ, ಗಳವೂ ಪೂರ್ತಿ ಮುಳುಗಿ, ಅವಳ ಕೈ ಭುಜದವರೆಗೆ ನೀರಿನೊಳಗೆ ಹೋಗುತ್ತಿತ್ತು. ಆಗ ಮಾತ್ರ, “ಹಾರ್ರಿ ಹಾಳಾಗಿ ಹೋಗ್ರಿ,” ಎಂದು ಅಪ್ಪಣೆ.

ಇದೆಲ್ಲ ಒಂದು ದಿನದಲ್ಲಿ ಮುಗಿಯುತ್ತಿದ್ದರೆ ನಾನು ಇಷ್ಟು ಸಿಟ್ಟಿನಿಂದ ಬರೆಯುತ್ತಿರಲಿಲ್ಲ. ಅವಳು ಒಂದು ದಿನಕ್ಕೆ ಒಂದೇ ಕಡೆ ನೋಡುವವಳು. ಮೊದಲ ದಿನ ಎಡಗಡೆ, ಎರಡನೆಯ ದಿನ ಬಲಗಡೆ, ಮೂರನೆಯ ದಿನ ನಡುವೆ.

“ಚಿಗವ್ವ, ಆತೇನ?”

“ಎಡಗಡಿ ಆತು. ಬಲಗಡಿ ನಾಳೆ.”

“ಇವತ್ತ ನೋಡಿಬಿಡಲ್ಲ!”

“ಮನ್ಯಾಗ ಎಮ್ಮಿ ಒದರಾಕತ್ತೈತಿ. ನಿಮ್ಮಪ್ಪ ಬಂದು ಹಿಂಡ್ತಾನೇನು?”

ನಡುವೆ ಮಳೆ ಬಂದರೆ ಮುಗಿಯಿತು. ಹಿಂದೆ ನೋಡಿದ್ದು ನಡೆಯುವುದಿಲ್ಲ, ಮತ್ತೆ ಎಡಗಡೆಯಿಂದ ಶುರು. ಯೋಚಿಸಿ ನೋಡಿ. ನಮ್ಮದು ಮೋಡ ಕಂಡರೆ ಮುದುಕರು ತಲೆಯ ಪಟಕಾ ತೆಗೆದು ನಮಸ್ಕಾರ ಮಾಡುವ ಸೀಮೆ. ಊರೆಲ್ಲ ಗುಡಿಯೊಳಗೆ ಮಳೆ ಬೇಡುತ್ತಿದ್ದರೆ, ಗುಡಿಯ ಹಿಂದೆ ನಾವು ಏಳೆಂಟು ಮಕ್ಕಳು ಕೈಮುಗಿದು, ಇನ್ನು ಎರಡು ದಿನ ಬರಬೇಡಪ್ಪಾ ಎಂದು ಬೇಡುತ್ತಿದ್ದೆವು. ದೇವರು ಹೆಚ್ಚಾಗಿ ನಮ್ಮ ಮಾತನ್ನೇ ಕೇಳಿದ. ಅದಕ್ಕೆ ನನಗೆ ಈಗಲೂ ಒಂದಿಷ್ಟು ಅಪರಾಧಿ ಭಾವನೆ ಇದೆ.

ನಾನು ದೊಡ್ಡವನಾಗಿ ಯಲಬುರ್ಗಾದ ಒಂದು ಕಚೇರಿ ಸೇರಿದೆ. ಕೊಪ್ಪಳದಿಂದ ದಿನಾ ಬಸ್ಸಿನಲ್ಲಿ ಹೋಗಿ, ಕಡತ ಹಿಡಿದು ಬಂದವರಿಗೆ “ನಾಳೆ ಬರ್ರಿ” ಎಂದು ಹೇಳಿ ಬರುವುದು ನನ್ನ ಕೆಲಸ. ಚಿಗವ್ವನನ್ನು ಹಳಿಯುವ ಅಧಿಕಾರ ನನಗಿಲ್ಲ ಎಂದು ನೀವು ಅಂದರೆ ಒಪ್ಪುತ್ತೇನೆ. ಆದರೂ ಹಳಿಯುತ್ತೇನೆ.

ನನ್ನ ಹೆಂಡತಿ ಗಂಗಾವತಿ ಕಡೆಯವಳು. ಭತ್ತದ ಗದ್ದೆಗಳ ನಡುವೆ ಹುಟ್ಟಿ, ಕಾಲುವೆಯಲ್ಲಿ ಮೀನಿನಂತೆ ಬೆಳೆದವಳು. ಮದುವೆಯಾದ ಹೊಸದರಲ್ಲಿ ನಾನು ಕೊಡಮಡುವಿನ ವರ್ಣನೆಗೆ ಕೂತರೆ ಅವಳು, “ಹಳ್ಳದಾಗಿನ ತೆಗ್ಗನ್ನ ಎಷ್ಟು ಹೊಗಳ್ತೀರಿ! ನಮ್ಮ ಕಾಲುವಿ ನೋಡಿದ್ರ ಏನಂತಿದ್ರಿ?” ಎನ್ನುತ್ತಿದ್ದಳು. ಒಮ್ಮೆ ಕರೆದುಕೊಂಡು ಹೋಗಿ ಅಜ್ಜನ ಕಲ್ಲಿನಿಂದ ತಲೆಕೆಳಗಾಗಿ ಹಾರಿ ತೋರಿಸಿ, ಬಾಯಿ ಮುಚ್ಚಿಸಬೇಕು ಎಂದು ನಾನು ಮೂವತ್ತು ವರ್ಷ ಅಂದುಕೊಂಡೆ. ಒಂದು ವರ್ಷ ನೀರಿಲ್ಲ, ಒಂದು ವರ್ಷ ರಜೆಯಿಲ್ಲ, ಒಂದು ವರ್ಷ ಇಬ್ಬರಿಗೂ ಮಾತಿಲ್ಲ. ಹೀಗೇ ಹೋಯಿತು.

ಹೋದ ವರ್ಷ ಮೇಲಿನ ಊರಿನ ಕೆರೆ ಒಡೆಯಿತು. ಒಂದು ರಾತ್ರಿಯಲ್ಲಿ ಹಳ್ಳ ಎಷ್ಟು ಬಂತೆಂದರೆ ಕೊಳ್ಳದ ಬಾಯಿ ಸಾಲದೆ ನೀರು ಬಂಡೆಯ ಮೇಲೆ ಹತ್ತಿ ಹೋಯಿತಂತೆ. ಆಮೇಲೆ ಶುರುವಾಯಿತು ನೋಡಿ, ಹೇಳುವವರ ಮಹಾಪೂರ. ಮಡು ಮುಚ್ಚಿಹೋಗಿದೆ ಎಂದ ಒಬ್ಬ. ಇನ್ನಷ್ಟು ಆಳವಾಗಿದೆ ಎಂದ ಇನ್ನೊಬ್ಬ. ಇಬ್ಬರೂ ಹೋಗಿ ನೋಡಿರಲಿಲ್ಲ. ಸುದ್ದಿ ಕುಷ್ಟಗಿಗೆ ಮುಟ್ಟಿದ ದಿನವೇ ಚಿಗವ್ವನ ಫೋನು ಬಂತು.

“ತಮ್ಮಾ, ಹೊಸ ನೀರು ಬಂದು ಹೋಗ್ಯಾವಂತ. ಗಳ ಹಾಕಬೇಕು.”

“ನಿನಗೀಗ ವಯಸ್ಸೆಷ್ಟು ಚಿಗವ್ವ? ಅಲ್ಲೇನೂ ಉಳದಿಲ್ಲಂತ.”

“ಯಾರು ನೋಡ್ಯಾರ?”

“ಎಲ್ಲಾರೂ ಹೇಳಾಕತ್ಯಾರ.”

“ಹೇಳೂದು ಬ್ಯಾಡ. ಗಳ ಹಾಕಿದವರು ಯಾರು, ಅಷ್ಟ ಹೇಳು.”

ಗಳ ಹಾಕಿದವರು ಜಿಲ್ಲೆಯಲ್ಲೇ ಇರಲಿಲ್ಲ. ಎರಡು ವಾರ ಬಿಟ್ಟು ಒಂದು ಭಾನುವಾರ ನಾನು, ನನ್ನ ಹೆಂಡತಿ, ಚಿಗವ್ವ ಹಳ್ಳ ಹಿಡಿದು ನಡೆದೆವು. ಗಳ ನನ್ನ ಹೆಗಲ ಮೇಲೆ. ದಾರಿ ಎನ್ನುವುದೇ ಇರಲಿಲ್ಲ. ಎಡಕ್ಕೆ ತಿರುಗಬೇಕಾದ ಕಡೆ ಇದ್ದ ಮತ್ತಿಮರ ಇಲ್ಲ; ಇರದಿದ್ದ ಕಡೆ ಮನೆಯಷ್ಟು ಎತ್ತರದ ಕಲ್ಲು. ಜಾಲಿಯ ಕೊಂಬೆಗಳಲ್ಲಿ ಯಾವ ಯಾವ ಊರಿನವೋ ಸೀರೆ, ಗೊಬ್ಬರದ ಚೀಲ. ಒಂದು ಮರದ ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯೊಂದು ಅತಿಥಿ ಬಂದು ಕೂರಲಿ ಎನ್ನುವ ಹಾಗೆ ನೆಟ್ಟಗೆ ಕೂತಿತ್ತು. ರೊಟ್ಟಿಗಲ್ಲು ಸಿಕ್ಕಿದ್ದು ಎಷ್ಟೋ ಕೆಳಗೆ, ಯಾರದೋ ಸಜ್ಜೆ ಹೊಲದ ಬದುವಿನಲ್ಲಿ, ಹಪ್ಪಳ ಒಣಗಿಸಲು ನಿಲ್ಲಿಸಿದಂತೆ ಓರೆಯಾಗಿ. ಸೊಟ್ಟ ಗೆರೆಯಿಂದ ಗುರುತು ಹಿಡಿದೆ. ನನಗೆ ಅಳು ಬರಲಿಲ್ಲ, ರೇಗಿತು. ಇಷ್ಟು ದೂರ ಹೊತ್ತು ತರುವ ಶಕ್ತಿ ಇದ್ದ ನೀರಿಗೆ ಆ ಗೆರೆಯನ್ನಾದರೂ ನೆಟ್ಟಗೆ ಮಾಡಲು ಬರಲಿಲ್ಲವೇ?

ಆದರೆ ಕೊನೆಯ ತಿರುವು ದಾಟಿದಾಗ ನಾನು ನಿಂತುಬಿಟ್ಟೆ. ಕೊಡಮಡು ಇತ್ತು! ಅದೇ ಸಣ್ಣ ಬಾಯಿ, ಅಂಚಿನವರೆಗೆ ಕೆಂಪು ನೀರು, ಬಲಗಡೆ ಅಜ್ಜನ ಕಲ್ಲು, ಅದೇ ಮೂಗು. ಒಂದು ಕೂದಲೂ ಕೊಂಕಿರಲಿಲ್ಲ.

“ನೋಡು! ಹೆಂಗೈತಿ?” ಎಂದೆ ಹೆಂಡತಿಗೆ.

“ಛಲೋ ಐತ್ರಿ,” ಎಂದಳು. “ನಮ್ಮ ಕಾಲುವಿ ಮೂಲಿ ಇದ್ದಂಗ ಐತಿ.”

ಅಷ್ಟರಲ್ಲಿ ಚಿಗವ್ವ ನನ್ನ ಹೆಗಲಿನಿಂದ ಗಳ ಕಿತ್ತುಕೊಂಡು ಎಡದಂಡೆಗೆ ಹೋಗಿ ಆಗಿತ್ತು.

“ಇವತ್ತ ಎಡಗಡಿ,” ಎಂದಳು.

“ನಾ ಹಾರೂದು ಬಲಗಡಿ ಚಿಗವ್ವ!”

“ಬಲಗಡಿ ನಾಳೆ.”

“ನಾಳೆ ನನಗ ಕಚೇರಿ ಐತಿ!”

“ಹೋಗು ಮತ್ತ. ಮಡು ಎಲ್ಲಿಗೂ ಓಡಿ ಹೋಗೂದಿಲ್ಲ.”

ಐವತ್ತು ದಾಟಿದ ಮನುಷ್ಯನಿಗೆ ಹತ್ತು ವರ್ಷದ ಹುಡುಗನ ಸಿಟ್ಟು ಬರುವುದು ಎಂದರೇನು ಎಂದು ನನಗೆ ಅವತ್ತು ತಿಳಿಯಿತು. ಎಮ್ಮೆ ಹಿಂಡುವ ನೆಪ ಹೇಳಿ ಕಳೆದ ಅಷ್ಟೂ ದಿನಗಳು ಒಟ್ಟಿಗೆ ತಲೆಗೆ ಏರಿದವು. ಅಂಗಿ ಕಳಚಿ ಹೆಂಡತಿಯ ಕೈಗೆ ಕೊಟ್ಟು ಅಜ್ಜನ ಕಲ್ಲು ಹತ್ತಿದೆ. ಇಲ್ಲಿ ಮೂರು ಆಳು ನೀರು ಎಂದು ನನ್ನ ಅಂಗಾಲಿಗೇ ಗೊತ್ತಿತ್ತು.

“ಹಾರೂದಾದ್ರ ಹಾರ್ರಿ,” ಎಂದಳು ಹೆಂಡತಿ ಕೆಳಗಿನಿಂದ. “ಮೂವತ್ತು ವರ್ಷ ಕೇಳೇನಿ, ಒಮ್ಮೆ ನೋಡಿಬಿಡ್ತೀನಿ.”

ಎರಡೂ ಕೈ ತಲೆಯ ಮೇಲೆ ಜೋಡಿಸಿ, ಬಗ್ಗಿದೆ.

“ಲೇ ಭಾಡ್ಯಾ!” ಎಂಬ ಕೂಗು ಬಂತು, ಅದರ ಹಿಂದೆಯೇ ಗಳ ಬಂತು. ಮಡುವಿನ ಬಾಯಿ ಅಗಲವಿಲ್ಲ, ಆಚೆ ದಂಡೆಯಿಂದ ಚಿಗವ್ವ ನನಗೇ ಹೊಡೆಯಲು ಎಸೆದಿರಬೇಕು. ನನ್ನವರೆಗೆ ಬರಲಿಲ್ಲ. ಕಲ್ಲಿನ ಕೆಳಗೆ, ನಾನು ತಲೆ ಇಡಬೇಕೆಂದಿದ್ದ ಜಾಗದಲ್ಲೇ ನೀರಿಗೆ ಬಿತ್ತು. ಬಿದ್ದದ್ದು ಮುಳುಗಲಿಲ್ಲ, ತೇಲಲೂ ಇಲ್ಲ. ಕಬ್ಬಿಣದ ತುದಿ ಕೆಸರಿಗೆ ಕಚ್ಚಿಕೊಂಡು ಓರೆಯಾಗಿ ನಿಂತಿತು. ಮೂರು ಕೆಂಪು ದಾರಗಳೂ ನೀರಿನ ಮೇಲೆಯೇ ಇದ್ದವು. ಮೊಣಕಾಲಿನದೂ ಕೂಡ.

ಕೊಡದ ಬಾಯನ್ನು ಪ್ರವಾಹ ಮುಟ್ಟಿರಲಿಲ್ಲ. ಹೊಟ್ಟೆಯನ್ನು ಉಸುಕು, ಕಲ್ಲುಗಳಿಂದ ತುಂಬಿ, ಮೇಲೊಂದು ಗೇಣು ಕೆಂಪು ನೀರು ಹೊದಿಸಿ ಹೋಗಿತ್ತು.

ನಾನು ಬಗ್ಗಿದವನು ಹಾಗೇ ಕೂತೆ. “ಇಳೀರಿ,” ಎಂದಳು ಹೆಂಡತಿ. ಅಂಗಿಯನ್ನು ಎರಡೂ ಕೈಯಲ್ಲಿ ಹಿಂಡಿ ಹಿಡಿದಿದ್ದಳು, ಒದ್ದೆ ಬಟ್ಟೆ ಹಿಡಿದ ಹಾಗೆ.

ಚಿಗವ್ವ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಗಳ ತಗೊಂಡು ಬಾ,” ಎಂದಳು. “ಎಡಗಡಿ ಇನ್ನಾ ಅರ್ಧ ಉಳದೈತಿ.”

ಮೂರು ಆಳು ನೀರಿನಲ್ಲಿ ನಡೆದುಕೊಂಡು ಹೋಗಿ ಗಳ ತಂದುಕೊಟ್ಟೆ. ಮೀನಖಂಡ ನೆನೆಯಿತು, ಅಷ್ಟೇ.

ಕಚೇರಿಗೆ ಫೋನ್ ಮಾಡಿ ರಜೆ ಕೇಳಿ, ಊರಲ್ಲಿ ಸಂಬಂಧಿಕರ ಮನೆಯಲ್ಲಿ ಉಳಿದೆವು. ಸೋಮವಾರ ಬಲಗಡೆ. ಅಲ್ಲಿ ಗಳ ನಿಂತದ್ದನ್ನು ಮೂವರೂ ಕಣ್ಣಾರೆ ಕಂಡಿದ್ದೆವು ಎಂದು ಹೇಳಿ ನೋಡಿದೆ. “ಅದು ಎಸೆದದ್ದು, ಹಾಕಿದ್ದಲ್ಲ,” ಎಂದಳು ಚಿಗವ್ವ. ಮಂಗಳವಾರ ನಡುವೆ. ಎಲ್ಲಿಯೂ ಒಂದನೆಯ ದಾರ ಮುಳುಗಲಿಲ್ಲ. ಕೊನೆಗೆ ಅವಳು ಊರಿಂದ ಸುಣ್ಣ ತರಿಸಿ ಅಜ್ಜನ ಕಲ್ಲಿನ ಮೇಲೆ ನನ್ನ ಕೈಯಿಂದ ಬರೆಸಿದಳು: “ಹಾರಬ್ಯಾಡ್ರಿ. ಮೊಣಕಾಲ ಕೆಳಗ ನೀರು.” ಬರೆದು ಮುಗಿದ ಮೇಲೆ ಗಳವನ್ನು ನನ್ನ ಕಡೆ ಚಾಚಿದಳು.

“ಇನ್ನ ನನ್ನ ಕಾಲು ಬರೂದಿಲ್ಲ. ನೀ ಇಟಗೊ.”

“ಇಲ್ಲಿ ಇನ್ನೇನು ನೋಡೂದೈತಿ ಚಿಗವ್ವ?”

“ಉಸುಕು ತುಂಬಿದ್ದು ನೀರ. ಅದನ್ನ ತಗೀಬೇಕಾದದ್ದೂ ನೀರ. ವರ್ಷಾ ವರ್ಷಾ ನೋಡು.”

ಅದನ್ನು ಬಸ್ಸಿನಲ್ಲಿ ಕೊಪ್ಪಳಕ್ಕೆ ತರುವಷ್ಟರಲ್ಲಿ ನಾನು ಪಟ್ಟ ಪಾಡು ಬೇರೆಯೇ ಕತೆ. ಒಂದು ತುದಿ ಕಿಟಕಿಯ ಹೊರಗೆ, ಇನ್ನೊಂದು ಕಂಡಕ್ಟರನ ಪಕ್ಕೆಗೆ. “ಏನ್ರೀ ಯಜಮಾನ್ರ, ಬಸ್ಸಿಗೆ ಹುಟ್ಟು ಹಾಕ್ತೀರೇನು?” ಎಂದು ಅವನು ಕೇಳಿದ್ದಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ.

ಇಷ್ಟು ಬರೆದು, ಎರಡನೆಯ ಚಹಾ ಕೇಳಿಯೇ ಬಿಡೋಣ ಎಂದು ಎದ್ದೆ. ಫೋನು ಬಡಿಯಿತು.

“ತಮ್ಮಾ, ನಿನ್ನಿ ಗುಡ್ಡದ ಕಡಿ ಭಾಳ ಮಳಿ ಆಗೈತಂತ. ಗಳ ಎಲ್ಲೈತಿ?”

“ಬಾಗಿಲ ಹಿಂದ ಐತಿ.”

“ಅಲ್ಲಿ ನಿಂತು ಯಾವ ಆಳ ನೋಡಾಕತ್ತೈತಿ ಅದು?”

ಮೇಲಿನದನ್ನು ಬರೆದದ್ದು ಆ ದಿನ. ಉಳಿದದ್ದನ್ನು ಮರಳಿ ಬಂದು ಬರೆಯುತ್ತಿದ್ದೇನೆ. ನಾನೂ ಹೆಂಡತಿಯೂ ಹೋದೆವು. ಮೊದಲ ದಿನ ಎಡಗಡೆ ನೋಡಿದೆ. ರಾತ್ರಿ ಮಳೆ ಬಂತು. ಹೆಂಡತಿ ನನ್ನ ಮುಖ ನೋಡಿದಳು; ನಾನು ಬೆಳಿಗ್ಗೆ ಮತ್ತೆ ಎಡಗಡೆಯಿಂದ ಶುರು ಮಾಡಿದೆ. ಅದರ ಮರುದಿನ ಬಲಗಡೆ. ಸುಣ್ಣದ ಅಕ್ಷರಗಳು ಅರ್ಧ ಅಳಿಸಿದ್ದವು. ಅಜ್ಜನ ಕಲ್ಲಿನ ಕೆಳಗೆ ಗಳ ಇಳಿಯಿತು, ಮೊದಲ ದಾರ ಮುಳುಗಿತು, ಎರಡನೆಯದಕ್ಕೆ ನಾಲ್ಕು ಬೆರಳು ಇರುವಾಗ ನಿಂತಿತು. ನಾಲ್ಕನೆಯ ದಿನ ನಡುವೆಯೂ ನೋಡಿ ಮುಗಿಸಿ, ಕಲ್ಲಿನ ಮೇಲೆ ಹೊಸದಾಗಿ ಬರೆದೆ: “ಹಾರಬ್ಯಾಡ್ರಿ. ಸೊಂಟದ ಕೆಳಗ ನೀರು.”

ಬರೆದು ತಿರುಗಿದಾಗ ನನ್ನ ಹೆಂಡತಿ ಸೀರೆ ಕಚ್ಚೆ ಹಾಕಿಕೊಂಡು ದಂಡೆಯಲ್ಲಿ ನಿಂತಿದ್ದಳು.

“ಆತೇನ್ರಿ?” ಎಂದು ಕೇಳಿದಳು.

ಆತು ಎಂದೆ. ಅವಳು ಮಡುವಿಗೆ ಇಳಿದಳು.