ಕಾವಿಗೆ ಕೂತವಳನ್ನು ಎಬ್ಬಿಸಿದ್ದು

ಆಸ್ಪತ್ರೆಗೆ ಹೊರಡುವ ದಿನ ನನ್ನ ಹೆಂಡತಿ ಬಟ್ಟೆ ಜೋಡಿಸಿಕೊಳ್ಳುವ ಮೊದಲು ಹಿತ್ತಲಿಗೆ ಹೋದಳು. ಅವಳ ಕೆಂಪು ಹೇಟೆ ಕಾವಿಗೆ ಬಂದು, ಪುಕ್ಕ ಕೆದರಿಕೊಂಡು ಮೂಲೆ ಹಿಡಿದಿತ್ತು. ಹಳೆಯ ಬಿದಿರು ಮಂಕರಿಗೆ ಹುಲ್ಲು ಹಾಸಿ, ತೆಗೆದಿರಿಸಿದ್ದ ಮೊಟ್ಟೆಗಳನ್ನು ಜೋಡಿಸಿ, ಕೋಳಿಯನ್ನು ಕೂರಿಸಿ ಬಂದಳು. ಬಿಳಿ ಹೇಟೆ ಆಗಲೇ ಮರಿ ಮಾಡಿಕೊಂಡು ಅಂಗಳದ ತುಂಬ ಓಡಾಡುತ್ತಿತ್ತು.

"ಕೆಂಪೀನ ಯಾರೂ ಮುಟ್ಬ್ಯಾಡಿ. ಕಾವಿಗೆ ಕೂತಿದ್ದು ಒಂದ್ಸಲ ಎದ್ರೆ ಮತ್ತೆ ಕೂರಕಿಲ್ಲ. ನಾನು ಬರೋ ಒತ್ಗೆ ಮರಿ ಆಗಿರ್ತವೆ" ಅಂದಳು. ನಾನು ಹೂಂ ಅಂದೆ.

ಅವಳು ಬರಲಿಲ್ಲ. ಮೂರನೇ ದಿನವೇ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು.

ದೊಡ್ಡನೆಕ್ಕುಂದಿಯ ಆ ಹಳೇ ಮನೆ ನಮ್ಮ ಅಣ್ಣತಮ್ಮಂದಿರೆಲ್ಲರದು. ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಬಿಲ್ಡರಿಗೆ ಮಾತು ಕೊಟ್ಟಾಗಿತ್ತು. ಅವಳೂ ಒಪ್ಪಿದ್ದಳು. ಹೊಸ ಮನೆಯ ಅಡುಗೆಕೋಣೆ ಎತ್ತ ಮುಖ ಮಾಡಬೇಕು ಎಂದು ಬಿಲ್ಡರ್ ಹತ್ತಿರ ಜಗಳವನ್ನೂ ಆಡಿದ್ದಳು. ತಿಥಿ ಮುಗಿಯುತ್ತಿದ್ದ ಹಾಗೆ ನಮ್ಮಣ್ಣ ಬಂದು ಪಕ್ಕದಲ್ಲಿ ಕೂತ. "ಜೆಸಿಬಿ ಬರ್ತದೆ ಕಣಪ್ಪ. ಇನ್ನೂ ತಡ ಮಾಡು ಅನ್ನಕ್ಕೆ ನಂಗೂ ಬಾಯಿಲ್ಲ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೇಳುವಾಗ ಅವನ ಕಣ್ಣೂ ತುಂಬಿತ್ತು.

ಕುಂದಲಹಳ್ಳಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ ಸಿಕ್ಕಿತು. ತಾರಸಿಯಲ್ಲಿ ಕೋಳಿ ಸಾಕಿಕೊಳ್ಳಿ ಎಂದು ಓನರಮ್ಮ ಒಪ್ಪಿದರು. ನಾನು ವೆಲ್ಡರ್. ವರ್ಕ್‌ಶಾಪಿನಲ್ಲಿ ಉಳಿದ ಕಬ್ಬಿಣದ ಆ್ಯಂಗಲ್, ಜಾಲರಿ ಹಾಕಿ ಗೂಡು ಮಾಡಿದೆ. ಬೆಕ್ಕು ನುಗ್ಗದಂತೆ ಒಂದೊಂದು ಮೂಲೆಯನ್ನೂ ಬೆಸೆದೆ, ಬಾಗಿಲಿಗೆ ಎರಡು ಚಿಲಕ ಇಟ್ಟೆ, ಮೇಲೆ ಶೀಟು ಹೊದಿಸಿದೆ. ಆ ನಾಲ್ಕಾರು ದಿನ ಕೈಗೆ ಕೆಲಸವಿತ್ತು. ಮನೆಗೆ ಬಂದರೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ.

ಹಳೇ ಮನೆ ಬಿಡುವ ದಿನ ಮೊದಲು ಬಿಳಿ ಹೇಟೆಯ ಮರಿಗಳನ್ನು ಹಿಡಿದೆವು. ನನ್ನ ಮಗಳು ಡಿಗ್ರಿ ಓದುತ್ತಿದ್ದವಳು. ಅವಳಮ್ಮ ಕರೆಯುತ್ತಿದ್ದ ಹಾಗೆಯೇ "ಬೊ ಬೊ ಬೊ" ಎಂದು ನುಚ್ಚು ಚೆಲ್ಲಿದಳು. ದನಿ ಎಷ್ಟು ಹೋಲುತ್ತಿತ್ತೆಂದರೆ ಒಳಗೆ ಪಾತ್ರೆ ಕಟ್ಟುತ್ತಿದ್ದ ನಾನು ಬಾಗಿಲಿಗೆ ಓಡಿ ಬಂದೆ. ಮರಿಗಳೂ ಓಡಿ ಬಂದವು. ಒಂದು ಮಾತ್ರ ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡು ಚೀಂಯ್‌ಗುಟ್ಟಿತು. ಕಲ್ಲನ್ನೇ ಎತ್ತಿ ತೆಗೆದೆ. ತೂತು ಹೊಡೆದ ರಟ್ಟಿನ ಡಬ್ಬಿಯಲ್ಲಿ ತಾಯಿ ಮರಿಗಳನ್ನೆಲ್ಲ ಒಯ್ದು ಹೊಸ ಗೂಡಿಗೆ ಬಿಟ್ಟೆವು. ಬಿಳಿ ಹೇಟೆ ಒಂದು ಸುತ್ತು ಬಂದು, ಮರಿಗಳನ್ನು ರೆಕ್ಕೆಯಡಿ ಎಳೆದುಕೊಂಡಿತು.

ಕೆಂಪಿಯ ವಿಷಯಕ್ಕೆ ಪಕ್ಕದ ಮನೆ ಅಜ್ಜಿಯನ್ನು ಕೇಳಿದೆ. "ಒತ್ತು ಮುಳುಗ್ತಿದ್ದಂಗೆ ಮಂಕ್ರಿ ಸಮೇತ ಎತ್ತಪ್ಪ. ಮ್ಯಾಲೆ ಬಟ್ಟೆ ಮುಚ್ಚು, ಕತ್ಲಲ್ಲಿ ಅದ್ಕೆ ತಿಳಿಯಾಕಿಲ್ಲ" ಅಂದರು ಅಜ್ಜಿ. ನಾನು ಕೈ ಹಾಕಿದೆ. ಕೋಳಿ ಕುಕ್ಕಿತು. ರಕ್ತ ಬಂತು. ಮತ್ತೆ ಹಾಕಿದೆ, ಮತ್ತೆ ಕುಕ್ಕಿತು. ಮಗಳು ಒಳಗೆ ಹೋಗಿ ಅವಳ ಅಮ್ಮನ ನೈಟಿ ತಂದಳು. ಆಸ್ಪತ್ರೆಗೆ ಹೋಗುವಾಗ ಬಾಗಿಲ ಹಿಂದೆ ಬಿಚ್ಚಿ ಹಾಕಿದ್ದು. ಯಾರಿಗೂ ಒಗೆಯಲು ಕೊಟ್ಟಿರಲಿಲ್ಲ.

"ಇದನ್ನ ಹಾಕು, ಅಪ್ಪ."

"ಗಲೀಜಾಗುತ್ತೆ ಕಣಮ್ಮ."

"ಆಗ್ಲಿ."

ಮುಚ್ಚಿದೆವು. ಕೆಂಪಿ ಸುಮ್ಮನಾಯಿತು. ಆಟೋದಲ್ಲಿ ಮಗಳು ಮಂಕರಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಒಂದೊಂದು ಹಾರನ್ನಿಗೂ ಎರಡೂ ಕೈಯಲ್ಲಿ ಅದನ್ನು ತಬ್ಬಿಕೊಳ್ಳುತ್ತಿದ್ದಳು.

ಬೆಳಗ್ಗೆ ತಾರಸಿಗೆ ಹೋದರೆ ಕೆಂಪಿ ಎದ್ದು ನಿಂತಿತ್ತು. ಜಾಲರಿಯ ಉದ್ದಕ್ಕೂ ಹೋಗುವುದು, ಬರುವುದು, ಕಬ್ಬಿಣ ಕುಕ್ಕುವುದು. ಹಿಡಿದು ಮೊಟ್ಟೆಯ ಮೇಲೆ ಕೂರಿಸಿದೆ, ಎದ್ದಿತು. ಗೋಣಿ ಕಟ್ಟಿ ಕತ್ತಲು ಮಾಡಿದೆ, ಎದ್ದಿತು. ಅಷ್ಟು ಗಟ್ಟಿಯಾಗಿ ಕಟ್ಟಿದ ಗೂಡಿನ ಮುಂದೆ ನಾನು ಕುಕ್ಕರಗಾಲಲ್ಲಿ ಕೂತು, "ಕೂತ್ಕೊಳ್ಳೇ ತಾಯಿ" ಎಂದು ಬೇಡಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಮೊಟ್ಟೆ ಮುಟ್ಟಿದರೆ ತಣ್ಣಗಿತ್ತು.

"ಅಮ್ಮ ಹೇಳಿದ್ಲಲ್ಲಪ್ಪ, ಮುಟ್ಬೇಡಿ ಅಂತ" ಅಂದಳು ಮಗಳು. ಬೈಯುವ ದನಿಯಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಮೊಟ್ಟೆಗಳನ್ನು ನೈಟಿಯಲ್ಲಿ ಸುತ್ತಿ ಡಬ್ಬಿಗೆ ಇಟ್ಟು, ಮೇಲೆ ಹಳೇ ಬಲ್ಬು ಹಚ್ಚಿದಳು. ಕಾಲೇಜಿಗೆ ಹೋಗಲಿಲ್ಲ, ಪಕ್ಕದಲ್ಲೇ ಮಲಗಿದಳು. ಎರಡು ದಿನ ಕಳೆದ ಮೇಲೆ ಒಂದು ಮೊಟ್ಟೆಯಲ್ಲಿ ಸಣ್ಣ ಬಿರುಕು ಬಿಟ್ಟಿತು. ಒಳಗಿಂದ ಸದ್ದು. ಇಬ್ಬರೂ ಕಿವಿಯಿಟ್ಟು ಕೇಳಿದೆವು. ಅವಳು ನಕ್ಕಳು. ಅಮ್ಮ ಹೋದ ಮೇಲೆ ಅವಳು ನಕ್ಕಿದ್ದು ಅವತ್ತೇ. ಬಿರುಕು ದೊಡ್ಡದಾಗಲಿಲ್ಲ. ಸಂಜೆಗೆ ಸದ್ದು ನಿಂತಿತು. ಚಿಪ್ಪು ಬಿಡಿಸಿದಾಗ ಮರಿ ಪೂರ್ತಿ ಬೆಳೆದಿತ್ತು, ಕೊಕ್ಕು ಬಿರುಕಿಗೇ ಅಂಟಿತ್ತು. ಉಳಿದ ಮೊಟ್ಟೆಗಳಲ್ಲಿ ಏನೂ ಅಲುಗಲಿಲ್ಲ.

ಹೂಳೋಣವೆಂದರೆ ಆ ಬೀದಿಯಲ್ಲಿ ಒಂದು ಹಿಡಿ ಮಣ್ಣಿರಲಿಲ್ಲ. ಮನೆಯಿಂದ ಮನೆಗೆ ಸಿಮೆಂಟು. ನಮ್ಮ ಹಿತ್ತಲಲ್ಲೇ ಹೂಳೋಣ ಎಂದು ಮಗಳು ಹಟ ಹಿಡಿದಳು. ಹೋದೆವು. ಸುತ್ತ ತಗಡು ಹೊಡೆದಿದ್ದರು. ಮನೆ ಇರಲಿಲ್ಲ. "ಒಳಗೆ ಬಿಡಂಗಿಲ್ಲ ಸಾರ್" ಅಂದ ವಾಚ್‌ಮನ್. ನಾನು ಹುಟ್ಟಿದ ಜಾಗ ಅದು. ತಗಡಿನ ಸಂದಿಯಿಂದ ಒಮ್ಮೆ ಇಣುಕಿ ತಿರುಗಿದೆ. ಕೊನೆಗೆ ಬಸ್‌ಸ್ಟಾಪಿನ ಹಿಂದಿನ ಹೊಂಗೆ ಮರದ ಬುಡದಲ್ಲಿ, ಕಂಪನಿ ಬಸ್ಸಿಗೆ ಕಾಯುವವರ ಬೆನ್ನ ಹಿಂದೆ, ಕಬ್ಬಿಣದ ಪಟ್ಟಿಯಲ್ಲಿ ಗುಂಡಿ ತೋಡಿದೆ. ಅವಳು ಒಂದೊಂದನ್ನೇ ಇಟ್ಟಳು. ನಾನು ಮಣ್ಣು ಎಳೆದೆ.

ಕೈ ಒರೆಸಿಕೊಳ್ಳುತ್ತಾ ಅವಳು, "ಅಪ್ಪ, ಅಮ್ಮಂಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾಳೆ" ಅಂದಳು.

ಅಂದ ಮೇಲೆ ನನ್ನ ಮುಖ ನೋಡಿದಳು.

"ಹೇಳಲ್ಲ ಬಿಡಮ್ಮ" ಅಂದೆ. ಅವಳು ನನ್ನ ಅಂಗಿ ಹಿಡಿದುಕೊಂಡು ಅಲ್ಲೇ, ಅಷ್ಟು ಜನರ ನಡುವೆ, ಕೂಗಿ ಅತ್ತಳು. ನಾನೂ ಅತ್ತೆ.